ಲ್ಯಾಪ್‌ಟಾಪಿನ ಧ್ವನಿದೋಷ: ಕಾರಣ ಮತ್ತು ಪರಿಹಾರ

ವಿದ್ಯೆಯು ಕಣ್ಣಿಗಿಂತ ಮೊದಲು ಕಿವಿಯ ದ್ವಾರದಿಂದ ಒಳಹೊಗುತ್ತದೆ. ಅಕ್ಷರವನ್ನು ಬರೆಯುವುದಕ್ಕೆ ಮುನ್ನ ಮಗು ಅದರ ಉಚ್ಚಾರವನ್ನು ಕೇಳಿ ಕಲಿಯುತ್ತದೆ. ಹಿಂದೆ ಈ ಕಾರ್ಯಕ್ಕೆ ಗುರುಗಳ ಕಂಠವೊಂದೇ ಸಾಧನವಾಗಿದ್ದಿತು. 1950ರಲ್ಲಿ ಧಾರವಾಡದ ಆಕಾಶವಾಣಿ ಕೇಂದ್ರವು ಆರಂಭವಾದ ತರುವಾಯ ಈ ಭಾಗದ ಮನೆ-ಶಾಲೆಗಳಲ್ಲಿ ರೇಡಿಯೋ ಆ ಕಂಠಕ್ಕೆ ಜೊತೆಯಾಯಿತು. ಇಂದು ಅದೇ ಸ್ಥಾನದಲ್ಲಿ ಲ್ಯಾಪ್‌ಟಾಪ್ ಬಂದು ಕುಳಿತಿದೆ. ಪದ್ಯವಾಚನ, ವಚನಗಾಯನ, ಇಂಗ್ಲಿಷ್ ಉಚ್ಚಾರ, ವಿಜ್ಞಾನದ ಚಿತ್ರಪಾಠ ಇವೆಲ್ಲವೂ ಅದರ ಮೂಲಕ ತರಗತಿಗೆ ಬರುತ್ತಿವೆ. ಆದರೆ ಪಾಠದ ನಡುವೆ ಚಟಪಟ, ಗರಗರ ಸದ್ದು ಎದ್ದಾಗ ಈ ಉತ್ತಮ ಸಾಧನವೇ ಕಲಿಕೆಗೆ ಅಡ್ಡಿಯಾಗುತ್ತದೆ.

ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡ ಪ್ರದೇಶದಲ್ಲಿ ಈ ಅಡ್ಡಿಯನ್ನು ಅಲ್ಪವೆಂದು ಬಗೆಯಲಾಗದು. ಇಲ್ಲಿಯ ಅನೇಕ ಮಕ್ಕಳ ಮನೆಮಾತು ಕೊಂಕಣಿ, ಮರಾಠಿ ಅಥವಾ ಉರ್ದು. ಕಾರ್ಖಾನೆಗಳಿಂದ ಬೆಳೆದ ದಾಂಡೇಲಿಗೆ ನಾನಾ ಪ್ರಾಂತಗಳ ಕುಟುಂಬಗಳು ಬಂದು ನೆಲೆಸಿವೆ. ಮುಂಡಗೋಡದ ಸಮೀಪ 1966ರಿಂದ ಟಿಬೆಟಿಯನ್ನರ ವಸತಿಯಿದೆ. ಇಂಥಲ್ಲಿ ‘ಶಾಲು’ ಮತ್ತು ‘ಸಾಲು’, ‘ಹಳ್ಳಿ’ ಮತ್ತು ‘ಹಲ್ಲಿ’, ‘ಕರ’ ಮತ್ತು ‘ಖರ’ ಇವುಗಳ ಭೇದವನ್ನು ಮಗು ಶಾಲೆಯಲ್ಲಿಯೇ ಕೇಳಿ ತಿಳಿಯಬೇಕಾಗುತ್ತದೆ. ಸಕಾರ, ಶಕಾರಗಳ ಬಲವು ಬಹುಮಟ್ಟಿಗೆ ಹೆಚ್ಚಿನ ಕಂಪನಗಳುಳ್ಳ ಮೇಲಿನ ಸ್ವರಗಳಲ್ಲಿದೆ. ಚಟಪಟ ಸದ್ದು ಮೊದಲು ಮುಚ್ಚಿಹಾಕುವುದು ಈ ಸೂಕ್ಷ್ಮಭೇದಗಳನ್ನೇ.

ಮತ್ತೊಂದು ಹಾನಿ ದ್ರವ್ಯಕ್ಕೆ ಸಂಬಂಧಿಸಿದುದು. ಸದ್ದು ಕೆಟ್ಟೊಡನೆ ಯಂತ್ರವೇ ಕೆಟ್ಟಿತೆಂದು ಹೊಸದಕ್ಕೆ ದಾನಿಗಳನ್ನು ಕೇಳುವುದು ವಾಡಿಕೆ. ಆದರೆ ದೋಷವು ಬಹುಸಲ ಅಲ್ಪಬೆಲೆಯ ತಂತಿಯಲ್ಲಿ, ಪ್ಲಗ್ಗಿನಲ್ಲಿ ಅಥವಾ ಯಂತ್ರದೊಳಗಿನ ಒಂದು ಹೊಂದಾಣಿಕೆಯಲ್ಲಿ ಅಡಗಿರುತ್ತದೆ. ಆದ್ದರಿಂದ ಕ್ರಮವರಿತು ಪರೀಕ್ಷಿಸದೆ ಹಣ ವೆಚ್ಚಮಾಡುವುದು ಸರಿಯಲ್ಲ.

ಧ್ವನಿ ಹೊರಡುವ ಬಗೆ

ಲ್ಯಾಪ್‌ಟಾಪಿನೊಳಗೆ ಧ್ವನಿಯು ಅಂಕಿಗಳ ರೂಪದಲ್ಲಿರುತ್ತದೆ. ಸೆಕೆಂಡಿಗೆ ಸಾಮಾನ್ಯವಾಗಿ 44,100 ಅಥವಾ 48,000 ಅಂಕಿಗಳು ಒಂದರ ಹಿಂದೊಂದು ಬಂದು, ವಿದ್ಯುತ್ತಿನ ಏರಿಳಿತವಾಗಿ ಮಾರ್ಪಟ್ಟು, ಸ್ಪೀಕರಿನ ಪೊರೆಯನ್ನು ನಡುಗಿಸುತ್ತವೆ. ಈ ಹರಿವಿಗೆ ಎಡೆಬಿಡದಂತೆ ಯಂತ್ರವು ಒಂದಿಷ್ಟು ಅಂಕಿಗಳನ್ನು ಮುಂಚಿತವಾಗಿ ಕೂಡಿಟ್ಟುಕೊಳ್ಳುತ್ತದೆ. ಈ ಕೂಡಿಟ್ಟ ಸಂಗ್ರಹಕ್ಕೆ ಬಫರ್ ಎಂದು ಹೆಸರು.

ಕಾಳಿ ನದಿಯ ತೀರದವರಿಗೆ ಇದನ್ನು ಅರಿಯುವುದು ಸುಲಭ. ಸೂಪಾ ಅಣೆಕಟ್ಟಿನಿಂದ ಬಿಟ್ಟ ನೀರು ಬೊಮ್ಮನಹಳ್ಳಿಯ ಕಿರುಜಲಾಶಯದಲ್ಲಿ ತಂಗಿ, ಅಲ್ಲಿಂದ ನಾಗಝರಿಯ ವಿದ್ಯುದಾಗಾರಕ್ಕೆ ಸಾಗುತ್ತದೆ. ನಡುವಿನ ಜಲಾಶಯ ಬರಿದಾದರೆ ಚಕ್ರ ತಡವರಿಸದಿರದು. ಬಫರಿನಲ್ಲಿ 480 ಅಂಕಿಗಳಿದ್ದರೆ ಅದು ಸೆಕೆಂಡಿನ ನೂರರ ಒಂದು ಪಾಲಿಗೆ ಮಾತ್ರ ಸಾಕಾಗುತ್ತದೆ. ಅಷ್ಟರೊಳಗೆ ಯಂತ್ರವು ಬೇರೆ ಕೆಲಸದಲ್ಲಿ ಸಿಕ್ಕಿಕೊಂಡು ಹೊಸ ಅಂಕಿಗಳನ್ನು ಒದಗಿಸದಿದ್ದರೆ ಧ್ವನಿಯಲ್ಲಿ ಕ್ಷಣಮಾತ್ರದ ಕಂಡಿ ಬೀಳುತ್ತದೆ. ಆ ಕಂಡಿಯೇ ಕಿವಿಗೆ ‘ಚಟ್’ ಎಂದು ಕೇಳಿಸುವುದು.

ಸದ್ದಿನ ಜಾತಿಯನ್ನು ಗುರುತಿಸುವುದು

ವೈದ್ಯನು ಔಷಧಕ್ಕೆ ಮುನ್ನ ನಾಡಿಯನ್ನು ಹಿಡಿಯುವಂತೆ ಇಲ್ಲಿ ಸದ್ದನ್ನು ಗಮನವಿಟ್ಟು ಕೇಳಬೇಕು. ಎಡೆಬಿಟ್ಟು ಚಟಪಟಗುಟ್ಟಿದರೆ ಬಫರಿನ ಕೊರತೆಯನ್ನಾಗಲಿ ಸಡಿಲವಾದ ಸಂಪರ್ಕವನ್ನಾಗಲಿ ಶಂಕಿಸಬೇಕು. ಒಂದೇ ಸಮನೆ ‘ಗುಂಯ್’ ಎನ್ನುತ್ತಿದ್ದರೆ ಅದು ವಿದ್ಯುತ್ ಸರಬರಾಜಿನಿಂದ ಬಂದುದಿರಬೇಕು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದಾದ್ದರಿಂದ ಈ ಸದ್ದು 50 ಅಥವಾ 100ರ ಮಂದ್ರದಲ್ಲಿರುತ್ತದೆ. ಧ್ವನಿ ಏರಿದಾಗ ಮಾತ್ರ ಒಡಕು ಕಾಣಿಸಿದರೆ ಮಿತಿಮೀರಿದ ಶಬ್ದಮಟ್ಟವೋ ಹರಿದ ಸ್ಪೀಕರೋ ಕಾರಣವಾಗಿರುತ್ತದೆ.

ಪರೀಕ್ಷೆಯ ಕ್ರಮ

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬುದು ಇಲ್ಲಿಯ ಮುಖ್ಯ ನಿಯಮ. ಏಕಕಾಲಕ್ಕೆ ಮೂರು ಬದಲಾವಣೆಗಳನ್ನು ಮಾಡಿದರೆ ಗುಣ ಯಾವುದರಿಂದಾಯಿತೆಂಬುದು ತಿಳಿಯದೆ, ದೋಷ ಮರುಕಳಿಸಿದಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಮೊದಲು ಬೇರೊಂದು ಧ್ವನಿಮುದ್ರಣವನ್ನು ನುಡಿಸಿ ನೋಡಬೇಕು. ಒಂದರಲ್ಲಿ ಮಾತ್ರ ಸದ್ದಿದ್ದರೆ ದೋಷವು ಆ ಮುದ್ರಣದ್ದು, ಯಂತ್ರದ್ದಲ್ಲ. ಎರಡರಲ್ಲಿಯೂ ಇದ್ದರೆ ಇಯರ್‌ಫೋನ್ ಜೋಡಿಸಿ ಕೇಳಬೇಕು. ಇಯರ್‌ಫೋನಿನಲ್ಲಿ ಧ್ವನಿ ಶುದ್ಧವಾಗಿದ್ದು ಒಳಗಿನ ಸ್ಪೀಕರಿನಲ್ಲಿ ಕೆಟ್ಟಿದ್ದರೆ ಸ್ಪೀಕರ್ ಸವೆದಿದೆಯೆಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ಆಗ ಸ್ಪೀಕರನ್ನಷ್ಟೇ ಬದಲಿಸಿದರೆ ಸಾಕು.

ಬಳಿಕ ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆಯೇ ನಡೆಸಬೇಕು. ಸದ್ದು ಕೂಡಲೇ ನಿಂತರೆ ದೋಷವು ಚಾರ್ಜರಿನದು ಅಥವಾ ಅರ್ಥಿಂಗಿನದು. ಲ್ಯಾಪ್‌ಟಾಪ್ ಒಂದು ಬೋರ್ಡಿನಿಂದಲೂ ಆಂಪ್ಲಿಫಯರ್ ದೂರದ ಮತ್ತೊಂದು ಬೋರ್ಡಿನಿಂದಲೂ ವಿದ್ಯುತ್ ಪಡೆದಾಗ ಎರಡರ ಅರ್ಥಿಂಗಿನ ನಡುವೆ ಅಲ್ಪ ವಿದ್ಯುತ್ತು ಹರಿದು ಧ್ವನಿತಂತಿಯಲ್ಲಿ ಗುಂಯ್‌ಗುಡುತ್ತದೆ. ಎರಡನ್ನೂ ಒಂದೇ ಬೋರ್ಡಿಗೆ ಜೋಡಿಸುವುದು, ಇಲ್ಲವೆ ಆಡಿಯೋ ಐಸೊಲೇಟರ್ ಎಂಬ ಕಿರುಸಾಧನವನ್ನು ನಡುವೆ ಇಡುವುದು ಇದಕ್ಕೆ ಪರಿಹಾರ. ಸದ್ದನ್ನು ನಿಲ್ಲಿಸಲೆಂದು ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಮುರಿಯುವ ದುರಭ್ಯಾಸ ಕೆಲವೆಡೆ ಇದೆ. ಇದು ಪ್ರಾಣಾಪಾಯಕ್ಕೆ ಎಡೆಮಾಡುವ ಕೃತ್ಯ. ಮಕ್ಕಳು ಮುಟ್ಟುವ ಸಾಧನದಲ್ಲಿ ಅರ್ಥಿಂಗನ್ನು ಎಂದಿಗೂ ತಪ್ಪಿಸಕೂಡದು.

ಮಳೆಗಾಲದಲ್ಲಿ ವಿದ್ಯುತ್ ಹೋದಾಗ ಇನ್ವರ್ಟರನ್ನು ಆಶ್ರಯಿಸುವುದು ಈ ಭಾಗದಲ್ಲಿ ಸಾಮಾನ್ಯ. ಅಗ್ಗದ ಇನ್ವರ್ಟರುಗಳು ನಯವಾದ ಅಲೆಯ ಬದಲು ಮೆಟ್ಟಿಲಾಕಾರದ ಅಲೆಯನ್ನು ಕೊಡುವುದರಿಂದ ಕರ್ಕಶ ಸದ್ದು ಹುಟ್ಟುತ್ತದೆ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರೂ ಹೀಗೆಯೇ ತೊಂದರೆ ಕೊಡಬಲ್ಲದು. ಫ್ಯಾನನ್ನು ಆರಿಸಿ ನೋಡಿದರೆ ಇದು ತಿಳಿಯುತ್ತದೆ. ಮೊಬೈಲನ್ನು ಧ್ವನಿತಂತಿಯ ಪಕ್ಕದಲ್ಲಿಡುವುದೂ ತಕ್ಕುದಲ್ಲ. ಸಂಕೇತ ದುರ್ಬಲವಾದಲ್ಲಿ ಮೊಬೈಲು ಹೆಚ್ಚಿನ ಶಕ್ತಿಯಿಂದ ಪ್ರಸರಿಸುತ್ತದೆ. ಜೊಯಿಡಾದ ಕಾಡಿನ ಹಳ್ಳಿಗಳಲ್ಲಿ ಇದು ನೆನಪಿನಲ್ಲಿರಬೇಕಾದ ಮಾತು.

ಸಭಾಭವನದಲ್ಲಿ ಬಹುವಾಗಿ ಆಗುವ ಪ್ರಮಾದ ಮತ್ತೊಂದಿದೆ. ಲ್ಯಾಪ್‌ಟಾಪಿನ ತಂತಿಯನ್ನು ಆಂಪ್ಲಿಫಯರಿನ ಮೈಕಿನ ರಂಧ್ರಕ್ಕೆ ಸಿಕ್ಕಿಸುವುದೇ ಅದು. ಆ ರಂಧ್ರವು ವೋಲ್ಟಿನ ಸಾವಿರದ ಕೆಲವೇ ಪಾಲುಗಳ ಸಂಕೇತಕ್ಕಾಗಿ ರಚಿತವಾದುದು. ಲ್ಯಾಪ್‌ಟಾಪ್ ಕೊಡುವುದು ಅದರ ನೂರಾರು ಪಟ್ಟು. ಆದ್ದರಿಂದ ಧ್ವನಿ ಒಡೆಯದೆ ಬೇರೆ ದಾರಿಯಿಲ್ಲ. ತಂತಿಯನ್ನು ‘ಆಕ್ಸ್’ ಅಥವಾ ‘ಲೈನ್’ ಎಂದು ಬರೆದಲ್ಲಿ ಜೋಡಿಸಬೇಕು. ಲ್ಯಾಪ್‌ಟಾಪಿನ ಶಬ್ದಮಟ್ಟವನ್ನು ಮುಕ್ಕಾಲು ಭಾಗದಲ್ಲಿಟ್ಟು ಉಳಿದುದನ್ನು ಆಂಪ್ಲಿಫಯರಿನಲ್ಲಿ ಹೆಚ್ಚಿಸಬೇಕು. ವಿಎಲ್‌ಸಿಯಂಥ ತಂತ್ರಾಂಶದಲ್ಲಿ ಶಬ್ದವನ್ನು ನೂರಕ್ಕಿಂತ ಮೇಲೇರಿಸುವುದೂ ಒಡಕಿಗೆ ಕಾರಣವಾಗುತ್ತದೆ.

ತಂತ್ರಾಂಶದ ದೋಷಗಳು

ತಂತಿ, ವಿದ್ಯುತ್ತು, ಸ್ಪೀಕರುಗಳು ನಿರ್ದೋಷಿಗಳೆಂದು ಕಂಡಾಗ ತಂತ್ರಾಂಶದ ಕಡೆ ತಿರುಗಬೇಕು. ಮೊದಲು ಯಂತ್ರವನ್ನು ಒಮ್ಮೆ ಪೂರ್ಣವಾಗಿ ಮುಚ್ಚಿ ಮತ್ತೆ ತೆರೆಯುವುದು, ಅನಗತ್ಯವಾಗಿ ತೆರೆದಿರುವ ಕೆಲಸಗಳನ್ನು ನಿಲ್ಲಿಸುವುದು. ವಿಂಡೋಸ್ ಯಂತ್ರದಲ್ಲಿ ಧ್ವನಿಯ ಸೆಟ್ಟಿಂಗ್ಸಿಗೆ ಹೋಗಿ ‘ಆಡಿಯೋ ಎನ್‌ಹ್ಯಾನ್ಸ್‌ಮೆಂಟ್ಸ್’ ಎಂಬುದನ್ನು ಆರಿಸಿ, ಅಲ್ಲಿಯೇ 44,100 ಮತ್ತು 48,000ರ ಆಯ್ಕೆಗಳನ್ನು ಒಂದಾದ ಮೇಲೊಂದು ಪರೀಕ್ಷಿಸಬಹುದು. ವಿದ್ಯುತ್ ಉಳಿತಾಯದ ವಿಧಾನವನ್ನು ಬಿಟ್ಟು ಪೂರ್ಣಸಾಮರ್ಥ್ಯದ ವಿಧಾನವನ್ನು ಆರಿಸುವುದರಿಂದಲೂ ಕೆಲವೊಮ್ಮೆ ಗುಣ ಕಾಣುತ್ತದೆ. ವೈಫೈಯನ್ನು ಕ್ಷಣಕಾಲ ಆರಿಸಿದಾಗ ಚಟಪಟ ನಿಂತರೆ ವೈಫೈ ಡ್ರೈವರಿನಿಂದ ಬಫರ್ ಬರಿದಾಗುತ್ತಿದೆಯೆಂದು ತಿಳಿಯಬೇಕು. ಡ್ರೈವರುಗಳನ್ನು ಲ್ಯಾಪ್‌ಟಾಪಿನ ತಯಾರಕರ ಜಾಲತಾಣದಿಂದಲೇ ಪಡೆಯುವುದು ಕ್ಷೇಮ. ಹೊಸ ಡ್ರೈವರ್ ಬಂದ ಮೇಲೆ ದೋಷ ತಲೆದೋರಿದ್ದರೆ ಹಿಂದಿನದಕ್ಕೆ ಮರಳಬೇಕು.

ಬ್ಲೂಟೂತ್ ಹೆಡ್‌ಸೆಟ್ಟಿನ ವಿಚಾರದಲ್ಲಿ ಒಂದು ಸೂಚನೆ. ಅದರ ಮೈಕನ್ನು ಬಳಸಿದೊಡನೆ ಅನೇಕ ಯಂತ್ರಗಳು ದೂರವಾಣಿಯ ಮಟ್ಟದ ಧ್ವನಿಗೆ ಇಳಿಯುತ್ತವೆ. ಆಗ ಮೇಲಿನ ಸ್ವರಗಳು ಕುಗ್ಗಿ ಸಕಾರ, ಶಕಾರಗಳು ಒಂದೇ ಆಗಿ ಕೇಳುತ್ತವೆ. ಉಚ್ಚಾರದ ಪಾಠಕ್ಕೆ ತಂತಿಯ ಇಯರ್‌ಫೋನೇ ಲೇಸು.

ಮಳೆಗಾಲದ ಜಾಗ್ರತೆ

ಮುಂಡಗೋಡದ ಬಯಲಿಗಿಂತ ಜೊಯಿಡಾದ ಘಟ್ಟದಂಚಿನಲ್ಲಿ ಮಳೆಯೂ ತೇವವೂ ಬಹಳ ಹೆಚ್ಚು. ತೇವದಿಂದ ಪ್ಲಗ್ಗು ಮತ್ತು ರಂಧ್ರಗಳ ಲೋಹಕ್ಕೆ ಕಿಲುಬು ಹಿಡಿದು, ತಂತಿಯನ್ನು ಅಲುಗಿಸಿದಾಗಲೆಲ್ಲ ಗರಗರ ಸದ್ದು ಬರುತ್ತದೆ. ಯಂತ್ರವನ್ನು ಆರಿಸಿ, ಪ್ಲಗ್ಗನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಗುಲಿಸಿದ ಬಟ್ಟೆಯಿಂದ ಒರೆಸಿ, ಪೂರ್ಣ ಒಣಗಿದ ಮೇಲೆ ಬಳಸಬೇಕು. ಎಣ್ಣೆ, ಸೀಮೆಎಣ್ಣೆಗಳನ್ನು ಹಚ್ಚಬಾರದು, ರಂಧ್ರದಲ್ಲಿ ಪಿನ್ನು ಆಡಿಸಬಾರದು. ಬೀಗಹಾಕಿದ ಕಪಾಟಿನಲ್ಲಿ ತಿಂಗಳುಗಟ್ಟಲೆ ಇಡುವುದಕ್ಕಿಂತ ಆಗಾಗ ನಡೆಸುವುದು ಯಂತ್ರಕ್ಕೆ ಹಿತಕರ. ಅದರ ಬಿಸಿಯೇ ತೇವವನ್ನು ಕಳೆಯುತ್ತದೆ.

ಧ್ವನಿಮುದ್ರಣದಲ್ಲಿ ವಿಶೇಷ ಎಚ್ಚರ

ಕೇಳುವಾಗಿನ ದೋಷವನ್ನು ನಾಳೆ ಸರಿಪಡಿಸಬಹುದು. ಮುದ್ರಿಸುವಾಗಿನ ದೋಷ ಶಾಶ್ವತವಾಗಿ ಉಳಿಯುತ್ತದೆ. ಹಳಿಯಾಳ, ಮುಂಡಗೋಡಗಳ ಸಿದ್ದಿ ಸಮಾಜದ ಹಾಡುಗಳು, ಜೊಯಿಡಾದ ಕುಣಬಿ ಹಿರಿಯರ ಪದಗಳು, ನಿವೃತ್ತ ಗುರುಗಳ ನೆನಪುಗಳು ಇವನ್ನು ವಿದ್ಯಾರ್ಥಿಗಳು ಲ್ಯಾಪ್‌ಟಾಪಿನಲ್ಲಿ ಮುದ್ರಿಸಿಡಲು ಇಂದು ಸಾಧ್ಯವಾಗಿದೆ. ಎಂಬತ್ತು ದಾಟಿದ ಅಜ್ಜಿಯು ಅದೇ ಹಾಡನ್ನು ಮರುವರ್ಷವೂ ಹಾಡುವಳೆಂಬ ಭರವಸೆಯಿಲ್ಲ. ಆದ್ದರಿಂದ ಮೊದಲು ಒಂದು ನಿಮಿಷ ಮುದ್ರಿಸಿ, ಇಯರ್‌ಫೋನಿನಲ್ಲಿ ಕೇಳಿ, ಶುದ್ಧವೆಂದು ಖಚಿತವಾದ ಮೇಲೆಯೇ ಮುಂದುವರಿಯಬೇಕು. ಚಾರ್ಜರನ್ನು ಕಿತ್ತಿಟ್ಟು, ಯಂತ್ರದೊಳಗಿನ ಫ್ಯಾನಿನ ಸದ್ದು ತಾಗದಂತೆ ಹೊರಗಿನ ಮೈಕನ್ನು ದೂರದಲ್ಲಿಡಬೇಕು. ಡೋಲಿನ ಹೊಡೆತ ಹಠಾತ್ತನೆ ಏರುವುದರಿಂದ ಅಳತೆಪಟ್ಟಿಯು ಕೆಂಪಿಗೆ ಮುಟ್ಟದಂತೆ ಮಟ್ಟವನ್ನು ತಗ್ಗಿಸಿಡಬೇಕು. ತಗ್ಗಿದ ಧ್ವನಿಯನ್ನು ಆಮೇಲೆ ಹೆಚ್ಚಿಸಬಹುದು, ಒಡೆದ ಧ್ವನಿಯನ್ನು ಮೊದಲಿನಂತೆ ಕೂಡಿಸಲಾಗದು.

ಪ್ರತಿ ಲ್ಯಾಪ್‌ಟಾಪಿನೊಡನೆ ಒಂದು ಕಿರುಪುಸ್ತಕವನ್ನಿರಿಸಿ ದೋಷ ಕಂಡ ದಿನ, ಅದರ ಲಕ್ಷಣ, ಮಾಡಿದ ಪರೀಕ್ಷೆ ಮತ್ತು ಫಲವನ್ನು ಬರೆದಿಡುವ ಪದ್ಧತಿಯನ್ನು ಶಾಲೆಗಳು ಆರಂಭಿಸುವುದು ಉಚಿತ. ಈ ಪರೀಕ್ಷೆಗಳನ್ನು ಮೇಲಿನ ತರಗತಿಯ ವಿದ್ಯಾರ್ಥಿಗಳಿಂದಲೇ ಮಾಡಿಸಿದರೆ ಅದೇ ಒಂದು ವಿಜ್ಞಾನಪಾಠವಾಗುತ್ತದೆ. ಯಂತ್ರಗಳನ್ನು ದಾನವಿತ್ತ ಮಹನೀಯರು ಒಂದು ಜೊತೆ ಉತ್ತಮ ತಂತಿ, ಒಂದು ಹೊರಮೈಕು, ಒಂದು ಐಸೊಲೇಟರ್ ಇವಿಷ್ಟನ್ನು ಸೇರಿಸಿ ಕೊಟ್ಟಲ್ಲಿ ಹಿಂದಿನ ದಾನವೂ ಸಾರ್ಥಕವಾಗಿ ಉಳಿಯುವುದು. ತರಗತಿಯ ಕೊನೆಯ ಮಣೆಯಲ್ಲಿ ಕುಳಿತ ಮಗುವಿಗೂ ಕನ್ನಡದ ಒಂದೊಂದು ಅಕ್ಷರ ಸ್ಪಷ್ಟವಾಗಿ ಕೇಳುವಂತಾಗಲೆಂಬುದೇ ಈ ಎಲ್ಲ ಶ್ರಮದ ಉದ್ದೇಶ.