ಅಪ್ಪನ ಟ್ರ್ಯಾಕ್ಟರು ಗುಜರಿಗೆ ಹೋಗಲಿಲ್ಲ

ನಮ್ಮ ಚಳ್ಳಕೆರೆ ಸೀಮೆಯಲ್ಲಿ ಹಳೇ ಟ್ರ್ಯಾಕ್ಟರ್ ಇರುವ ಮನೆಯ ಹಿರಿಯರು ತೀರಿಕೊಂಡರೆ, ತಿಥಿ ಮುಗಿಯುವ ಮೊದಲೇ ಗುಜರಿಯವನು ಬಂದು ನಿಲ್ಲುತ್ತಾನೆ. ನಮ್ಮ ಮನೆಗೂ ಬಂದ. 2021ರಲ್ಲಿ ಅಪ್ಪ ಹೋದಾಗ ಕೊಟ್ಟಿಗೆಯ ಪಕ್ಕದಲ್ಲಿ ನಿಂತಿದ್ದ ಎಚ್ಎಂಟಿ 2511ಕ್ಕೆ ಅವನು ಕಟ್ಟಿದ ಬೆಲೆ 45,000 ರೂಪಾಯಿ. ಕಬ್ಬಿಣದ ತೂಕದ ಲೆಕ್ಕ ಅದು.

ತಮ್ಮ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. "ಮಾರಿಬಿಡಾಣ ಅಣ್ಣ, ಕಂಪನಿಯೇ ಮುಚ್ಚಿದ ಮೇಲೆ ಸಾಮಾನು ಎಲ್ಲಿ ತರ್ತೀಯ?" ಅಂದ. ಅವನ ಮಾತಿನಲ್ಲಿ ಸುಳ್ಳೇನಿಲ್ಲ. ಎಚ್ಎಂಟಿಯವರು ಝೆಕೊಸ್ಲೊವಾಕಿಯಾದ ಝೀಟರ್ ಕಂಪನಿಯ ಸಹಯೋಗದಲ್ಲಿ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ಮಾಡಲು ಶುರು ಮಾಡಿದರು. ಆ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಅಪ್ಪ ಇದನ್ನು ತಂದಿದ್ದು 1982ರಲ್ಲಿ, ಜಮೀನು ಅಡವಿಟ್ಟು. ಊರವರ ಹೊಲ ಬಾಡಿಗೆಗೆ ಉತ್ತು ಸಾಲ ತೀರಿಸಿದರು. 2009ರಿಂದ ಅದು ನಿಂತೇ ಇತ್ತು.

ಯಾಕೆ ಉಳಿಸಿಕೊಂಡೆ?

ಇದು ಬರೀ ಅಪ್ಪನ ಮೇಲಿನ ಪ್ರೀತಿಯ ಮಾತಲ್ಲ. ನನ್ನದು ಒಂಬತ್ತು ಎಕರೆ ಕೆಂಪು ನೆಲ, ಬರೀ ಮಳೆ ಆಶ್ರಯ. ಶೇಂಗಾ, ತೊಗರಿ, ಒಂದಿಷ್ಟು ನವಣೆ. ಹದ ಮಳೆ ಬಿದ್ದರೆ ಬಿತ್ತನೆಗೆ ಸಿಗುವುದು ಎರಡು ಮೂರು ದಿನ. ಆಮೇಲೆ ನೆಲ ಬಿರುಸಾಗುತ್ತದೆ. ಎತ್ತು ಮಾರಿದ ಮೇಲೆ ಬಾಡಿಗೆ ಟ್ರ್ಯಾಕ್ಟರೇ ಗತಿ. ಒಂದೇ ಮಳೆಗೆ ಊರಿನವರೆಲ್ಲಾ ಕರೆದರೆ ಅವನಾದರೂ ಏನು ಮಾಡಿಯಾನು? ದೊಡ್ಡ ಹೊಲದವರದು ಮುಗಿಸಿ ನಮ್ಮ ಹತ್ತಿರ ಬರುವಾಗ ಹದ ಹಾರಿರುತ್ತದೆ. ಒಂದು ವರ್ಷ ಹೀಗೇ ತಡವಾಗಿ ಬಿತ್ತಿ, ಶೇಂಗಾ ಅರ್ಧಕ್ಕರ್ಧ ಹುಟ್ಟಲಿಲ್ಲ. ಬೀಜದ ದುಡ್ಡೂ ಹೋಯಿತು. ಹೊಸ ಸಣ್ಣ ಟ್ರ್ಯಾಕ್ಟರ್ ಅಂದರೆ ಐದು ಲಕ್ಷದ ಆಸುಪಾಸು. ಒಣ ಬೇಸಾಯದವನಿಗೆ ಆ ಕಂತು ಕಟ್ಟುವುದಾಗದು.

ಸ್ಟಾರ್ಟ್ ಮಾಡುವ ಮೊದಲು

ನಿಮ್ಮಲ್ಲೂ ಹೀಗೆ ನಿಂತ ಟ್ರ್ಯಾಕ್ಟರ್ ಇದ್ದರೆ ಒಂದು ಮಾತು. ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯಬೇಡಿ. ಇನ್ನೊಂದು ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆಸಲೂ ಬೇಡಿ. ಲೈನರ್‌ಗೆ ತುಕ್ಕು ಹಿಡಿದು ಪಿಸ್ಟನ್ ಕಚ್ಚಿಕೊಂಡಿದ್ದರೆ ರಿಂಗು ಮುರಿಯುತ್ತದೆ.

ಗೇರು ನ್ಯೂಟ್ರಲ್ ಮಾಡಿ, ನಾಜಲ್ ಬಿಚ್ಚಿ, ಆ ತೂತಿನಿಂದ ಡೀಸೆಲ್ ಮತ್ತು ಇಂಜಿನ್ ಆಯಿಲ್ ಬೆರೆಸಿ ಸ್ವಲ್ಪ ಸುರಿಯಬೇಕು. ಎಂಟು ದಿನ ಬಿಟ್ಟು ಕೈಯಿಂದ ನಿಧಾನಕ್ಕೆ ಇಂಜಿನ್ ತಿರುಗಿಸಿ ನೋಡಬೇಕು. ನಾಜಲ್ ಬಿಚ್ಚಿದ ಜಾಗಕ್ಕೆ ಬಟ್ಟೆ ಮುಚ್ಚಿಡಿ, ಧೂಳು ಹೋಗಬಾರದು. ನಮ್ಮದು ಆರನೇ ದಿನಕ್ಕೇ ಅಲುಗಿತು. ಅದಕ್ಕೆ ಕಾರಣ ಅಪ್ಪ ಸೈಲೆನ್ಸರ್ ಬಾಯಿಗೆ ಬೋರಲು ಹಾಕಿದ್ದ ತಗಡಿನ ಡಬ್ಬ. ಅದರಿಂದ ಮಳೆ ನೀರು ಒಳಗೆ ಇಳಿದಿರಲಿಲ್ಲ. ರೇಡಿಯೇಟರ್ ನೀರನ್ನೂ ಖಾಲಿ ಮಾಡಿಯೇ ನಿಲ್ಲಿಸಿದ್ದರು.

ಆಮೇಲೆ ಇಂಜಿನ್ ಆಯಿಲ್ ಇಳಿಸಿ ನೋಡಿ. ಹಾಲು ಬೆರೆಸಿದ ಬಣ್ಣವಿದ್ದರೆ ನೀರು ಸೇರಿದೆ ಅಂತ ಅರ್ಥ. ಡೀಸೆಲ್ ಟ್ಯಾಂಕ್ ಇಳಿಸಿ ತೊಳೆಯಿರಿ, ಫಿಲ್ಟರ್ ಬದಲಿಸಿ. ಗಾಳಿ ಪೈಪಿನಲ್ಲಿ ಇಲಿ ಗೂಡಿದೆಯೇ ಅಂತ ನೋಡಲೇಬೇಕು. ನಮ್ಮದರಲ್ಲಿ ಇತ್ತು.

ಇಂಜಿನ್ ಕೆಲಸ

ಇದು ಎರಡು ಸಿಲಿಂಡರಿನ, 25 ಅಶ್ವಶಕ್ತಿಯ ಇಂಜಿನ್. ಲೈನರ್ ಹೊರಗೆ ತೆಗೆದು ಬೇರೆ ಹಾಕಬಹುದು. ಲೈನರ್ ಬುಡದ ರಬ್ಬರ್ ರಿಂಗುಗಳನ್ನು ಹೊಸದೇ ಹಾಕಿಸಿ. ಅವು ಸೋತರೆ ನೀರು ಆಯಿಲ್‌ಗೆ ಇಳಿಯುತ್ತದೆ. ನಮ್ಮದರಲ್ಲಿ ಕ್ರ್ಯಾಂಕ್ ಉಜ್ಜಿಸಿ, ಅದಕ್ಕೆ ತಕ್ಕ ಅಂಡರ್‌ಸೈಜ್ ಬೇರಿಂಗ್ ಹಾಕಿಸಿದ್ದಾಯಿತು. ಡೀಸೆಲ್ ಪಂಪನ್ನು ಮಾತ್ರ ಸಾಮಾನ್ಯ ಮೆಕ್ಯಾನಿಕ್ ಕೈಗೆ ಕೊಡಬೇಡಿ. ಅಳತೆ ಮಾಡುವ ಯಂತ್ರ ಇಟ್ಟವರ ಹತ್ತಿರವೇ ಒಯ್ಯಿರಿ.

ಬಿಡಿಭಾಗ ಸಿಗುತ್ತದೆ. ಪಂಜಾಬಿನ ಲೂಧಿಯಾನ ಕಡೆ ತಯಾರಾದ ಸಾಮಾನು ಜಿಲ್ಲಾ ಕೇಂದ್ರದ ಅಂಗಡಿಯವರೇ ತರಿಸಿಕೊಟ್ಟರು. ಬಿಚ್ಚಿದ ಹಳೇ ಸಾಮಾನನ್ನು ಹಿಡಿದುಕೊಂಡೇ ಹೋಗಿ, ಪಕ್ಕದಲ್ಲಿಟ್ಟು ಹೋಲಿಸಿ ಕೊಳ್ಳಿ.

ಖರ್ಚಿನ ಲೆಕ್ಕ (2022–23, ಕೂಲಿ ಸೇರಿ)

ಇಂಜಿನ್: 38,000
ಡೀಸೆಲ್ ಪಂಪ್, ನಾಜಲ್: 11,500
ರೇಡಿಯೇಟರ್, ಹೋಸ್ ಪೈಪ್: 5,500
ಕ್ಲಚ್, ಬ್ರೇಕ್: 9,000
ಹೈಡ್ರಾಲಿಕ್ ಸೀಲ್, ಆಯಿಲ್‌ಗಳು: 8,500
ಮುಂದಿನ ಟೈರ್ ಹೊಸದು: 9,000
ಹಿಂದಿನ ಟೈರ್ ಸೆಕೆಂಡ್ ಹ್ಯಾಂಡ್: 16,000
ಬ್ಯಾಟರಿ, ವೈರಿಂಗ್: 9,500
ಒಟ್ಟು: 1,07,000 ರೂಪಾಯಿ.

ಎರಡು ಕುರಿ ಪಿಳ್ಳೆ ಬಿಟ್ಟು ಉಳಿದ ಕುರಿಗಳನ್ನೆಲ್ಲಾ ಮಾರಿದೆ. ಮಿಕ್ಕಿದ್ದು ಸಂಘದ ಸಾಲ. ಬಣ್ಣ ಹೊಡೆಸಲಿಲ್ಲ. ಬಣ್ಣದಿಂದ ಉಳುಮೆ ಆಗುವುದಿಲ್ಲವಲ್ಲ.

ಕಾಗದಪತ್ರ, ಪಾಲು

ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಓ ಕಚೇರಿಗೆ ತಿಳಿಸಬೇಕು. ಮೂರು ತಿಂಗಳೊಳಗೆ 31ನೇ ನಮೂನೆಯಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಮರಣ ಪತ್ರ ಬೇಕೇ ಬೇಕು. ಆರ್‌ಸಿ ಪುಸ್ತಕದಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದ್ದರೆ, ಸಾಲ ತೀರಿದ ಪತ್ರದ ಜೊತೆ 35ನೇ ನಮೂನೆ ಕೊಟ್ಟು ತೆಗೆಸಬೇಕು. ಅಪ್ಪ ಸಾಲ ತೀರಿದ ಪತ್ರವನ್ನು ಟ್ರಂಕಿನಲ್ಲಿ ಜೋಪಾನ ಮಾಡಿದ್ದರು. ಹದಿನೈದು ವರ್ಷ ದಾಟಿದ ಗಾಡಿಗೆ ನೋಂದಣಿಯನ್ನೂ ಹೊಸದು ಮಾಡಿಸಬೇಕು.

ಆಸ್ತಿ ಮೂವರದು. ಗುಜರಿಯವನ ಬೆಲೆಯನ್ನೇ ಹಿಡಿದು ತಮ್ಮನಿಗೆ 15,000 ಕೊಟ್ಟೆ. ತಂಗಿ ದುಡ್ಡು ಬೇಡ ಅಂದಳು. "ಹದ ಬಿದ್ದಾಗ ನನ್ನ ಎರಡು ಎಕರೆ ಮೊದಲು ಬಿತ್ತಿಕೊಡು, ಅದೇ ನನ್ನ ಪಾಲು" ಅಂದಳು. ಈ ಎರಡನ್ನೂ ಒಂದು ಹಾಳೆಯಲ್ಲಿ ಬರೆದು ಮೂವರೂ ಸಹಿ ಹಾಕಿದೆವು. ಅಕ್ಕತಂಗಿಯರ ಪಾಲನ್ನು ಬಾಯಿಮಾತಿನಲ್ಲಿ ಬಿಡಬಾರದು.

ಈಗ ಹೇಗಿದೆ?

ಹೊಸ ಟ್ರ್ಯಾಕ್ಟರಿನಷ್ಟು ಬಲ ಇಲ್ಲ. ಆಳದ ಮಾಗಿ ಉಳುಮೆಗೆ ಇವತ್ತಿಗೂ ದೊಡ್ಡ ಟ್ರ್ಯಾಕ್ಟರ್ ಬಾಡಿಗೆಗೆ ಕರೆಯುತ್ತೇನೆ. ಕುಂಟೆ ಹೊಡೆಯಲು, ಕೂರಿಗೆಯಲ್ಲಿ ಬಿತ್ತಲು ಇದು ಸಾಕು. ಇದರ ಗಾಳಿ ಫಿಲ್ಟರ್ ಆಯಿಲ್ ಬಟ್ಟಲಿನದು. ನಮ್ಮ ಧೂಳಿಗೆ ಅದನ್ನು ಆಗಾಗ ತೊಳೆದು ಆಯಿಲ್ ಬದಲಿಸದಿದ್ದರೆ ಹೊಸ ಲೈನರ್ ಬೇಗ ಸವೆಯುತ್ತದೆ. ಉರುಳಿದರೆ ಕಾಯುವ ಚೌಕಟ್ಟು ಇದಕ್ಕಿಲ್ಲ. ಅದಕ್ಕೇ ಬದುವಿನ ಅಂಚಿಗೆ ಒಯ್ಯುವುದಿಲ್ಲ, ಮಕ್ಕಳನ್ನು ಹತ್ತಿಸುವುದಿಲ್ಲ, ಟ್ರೈಲರ್ ಕಟ್ಟಿ ರಸ್ತೆಗೆ ಇಳಿಸುವುದಿಲ್ಲ.

ಎಲ್ಲಾ ಹಳೇ ಟ್ರ್ಯಾಕ್ಟರನ್ನೂ ಉಳಿಸಿ ಅಂತ ನಾನು ಹೇಳಲಾರೆ. ಬ್ಲಾಕ್ ಸೀಳಿದ್ದರೆ, ಗೇರುಪೆಟ್ಟಿಗೆ ಒಡೆದಿದ್ದರೆ ಗುಜರಿಗೆ ಕೊಡುವುದೇ ಲೇಸು. ಇಂಜಿನ್ ತಿರುಗುತ್ತಿದ್ದರೆ ಮಾತ್ರ, ಗುಜರಿಯವನಿಗೆ ಹೂಂ ಅನ್ನುವ ಮೊದಲು ಒಬ್ಬ ತಿಳಿದ ಮೆಕ್ಯಾನಿಕ್‌ಗೆ ತೋರಿಸಿ. ಹೋದ ಎರಡು ಮುಂಗಾರಿನಲ್ಲೂ ತಂಗಿಯ ಹೊಲ ಮೊದಲ ದಿನ, ನನ್ನದು ಎರಡನೇ ದಿನ ಬಿತ್ತಿ ಮುಗಿದಿದೆ.