ಮಣ್ಣಿನ ಮರೆಯಲ್ಲಿ ಮದ್ದಿನ ಕಣಜ

ಬೇಸಗೆಯ ಮೊದಲ ಮಳೆ ಹೊಸ ತಿಪ್ಪಸಂದ್ರದ ಕೆಮ್ಮಣ್ಣನ್ನು ತೋಯಿಸಿದಾಗ ಏಳುವ ಕಂಪನ್ನು ಯಾರು ತಾನೆ ಅರಿಯರು? ಆ ಕಂಪಿಗೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ವಸ್ತು. ಅದನ್ನು ತಯಾರಿಸುವವು ಮಣ್ಣಿನಲ್ಲಿ ವಾಸಿಸುವ ಸ್ಟ್ರೆಪ್ಟೊಮೈಸಿಸ್ ಕುಲದ ಬ್ಯಾಕ್ಟೀರಿಯಗಳು. ಇವು ಬ್ಯಾಕ್ಟೀರಿಯಗಳಾದರೂ ಬೂಷ್ಟಿನಂತೆ ಎಳೆಎಳೆಯಾಗಿ ಹಬ್ಬುತ್ತವೆ. ಆಹಾರ ತೀರುತ್ತ ಬಂದಾಗ ಬೀಜಕಗಳನ್ನು ಕಟ್ಟುತ್ತವೆ. ಆ ಹೊತ್ತಿನಲ್ಲೇ ನೆರೆಯ ಜೀವಿಗಳನ್ನು ತಡೆಯಬಲ್ಲ ರಾಸಾಯನಿಕಗಳನ್ನೂ ಸ್ರವಿಸುತ್ತವೆ. ಮಾನವನು ಅವನ್ನೇ ಔಷಧಗಳನ್ನಾಗಿ ಮಾಡಿಕೊಂಡಿದ್ದಾನೆ. 1943ರಲ್ಲಿ ಅಮೆರಿಕದ ವ್ಯಾಕ್ಸ್‌ಮನ್ನರ ಪ್ರಯೋಗಶಾಲೆಯಲ್ಲಿ ಷಾಟ್ಸ್ ಎಂಬ ವಿದ್ಯಾರ್ಥಿಯು ಬೇರ್ಪಡಿಸಿದ ಸ್ಟ್ರೆಪ್ಟೊಮೈಸಿನ್, ಕ್ಷಯರೋಗವನ್ನು ಗುಣಪಡಿಸಿದ ಮೊದಲ ಪ್ರತಿಜೈವಿಕವಾಯಿತು.

ತಿಪ್ಪಸಂದ್ರದವರಿಗೆ ಎಚ್.ಎ.ಎಲ್. ಎಂದರೆ ನೆರೆಯ ವಿಮಾನ ಕಾರ್ಖಾನೆ. ಅದೇ ಮೂರಕ್ಷರದ ಇನ್ನೊಂದು ಸಂಸ್ಥೆ ಪುಣೆಯ ಬಳಿಯ ಪಿಂಪ್ರಿಯಲ್ಲಿದೆ. ಅದು 1954ರಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್. 1940ರ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದು, ಗಿಡಗಳಿಗೆ ತುಕ್ಕುರೋಗ ತರುವ ಶಿಲೀಂಧ್ರಗಳನ್ನು ಅಭ್ಯಸಿಸಿದ ಎಂ. ಜೆ. ತಿರುಮಲಾಚಾರ್ ಅವರು ಮುಂದೆ ಅಲ್ಲಿಯ ಸಂಶೋಧನೆಯ ಹೊಣೆ ಹೊತ್ತರು. 1961ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಮಣ್ಣಿನ ಒಂದು ಸ್ಟ್ರೆಪ್ಟೊಮೈಸಿಸ್‌ನಿಂದ ಹ್ಯಾಮೈಸಿನ್ ಎಂಬ ಹೊಸ ಔಷಧವನ್ನು ಪಡೆದುದಾಗಿ ಪ್ರಕಟಿಸಿದರು. ಆ ಜೀವಿಗೆ ಊರಿನ ಹೆಸರೇ ನಿಂತಿತು: ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನ.

ಹ್ಯಾಮೈಸಿನ್ ಬ್ಯಾಕ್ಟೀರಿಯಗಳ ವೈರಿಯಲ್ಲ, ಶಿಲೀಂಧ್ರಗಳ ವೈರಿ. ಇದರ ಮಹತ್ವವೇನು? ಶಿಲೀಂಧ್ರದ ಜೀವಕೋಶವು ನಮ್ಮ ಜೀವಕೋಶವನ್ನು ಬಹುಮಟ್ಟಿಗೆ ಹೋಲುತ್ತದೆ. ಆದುದರಿಂದ ರೋಗಿಯನ್ನು ಉಳಿಸಿ ಶಿಲೀಂಧ್ರವನ್ನಷ್ಟೇ ಕೊಲ್ಲುವ ಮದ್ದು ದುರ್ಲಭ. ಆದರೆ ಒಂದು ಭೇದವುಂಟು. ನಮ್ಮ ಜೀವಕೋಶದ ಪೊರೆಯಲ್ಲಿ ಕೊಲೆಸ್ಟರಾಲ್ ಇದ್ದರೆ, ಶಿಲೀಂಧ್ರದ ಪೊರೆಯಲ್ಲಿ ಎರ್ಗೊಸ್ಟೆರಾಲ್ ಇದೆ. ಹ್ಯಾಮೈಸಿನ್ ಎರ್ಗೊಸ್ಟೆರಾಲನ್ನೇ ಹೆಚ್ಚಾಗಿ ಹಿಡಿಯುತ್ತದೆ. ಆಗ ತೂತುಬಿದ್ದ ಮಡಕೆಯಿಂದ ನೀರು ಸೋರುವಂತೆ ಶಿಲೀಂಧ್ರದೊಳಗಿನ ಲವಣಗಳು ಸೋರಿಹೋಗಿ ಅದು ಸಾಯುತ್ತದೆ. ಬ್ಯಾಕ್ಟೀರಿಯದ ಪೊರೆಯಲ್ಲಿ ಇಂಥ ಸ್ಟೆರಾಲು ಇಲ್ಲ. ಆದುದರಿಂದಲೇ ಮದ್ದನ್ನು ತಯಾರಿಸುವ ಜೀವಿ ತನ್ನ ವಿಷಕ್ಕೆ ತಾನೇ ಬಲಿಯಾಗುವುದಿಲ್ಲ. ಆದರೆ ಈ ವಸ್ತು ನೀರಿನಲ್ಲಿ ಸುಲಭವಾಗಿ ಕರಗದು. ಹೀಗಾಗಿ ಅದು ಹೆಚ್ಚಾಗಿ ಬಾಯಿ, ಚರ್ಮಗಳಿಗೆ ಲೇಪಿಸುವ ಮದ್ದಾಗಿಯೇ ಬಳಕೆಗೆ ಬಂದಿತು.

ಇದೇ ಗುಂಪಿನ ಆಂಫೊಟೆರಿಸಿನ್ ಬಿ, ವೆನಿಜುವೇಲದ ಮಣ್ಣಿನಲ್ಲಿ ದೊರೆತ ಇನ್ನೊಂದು ಸ್ಟ್ರೆಪ್ಟೊಮೈಸಿಸ್‌ನ ಕೊಡುಗೆ. 2021ರಲ್ಲಿ ಕೋವಿಡ್‌ನ ಬೆನ್ನಿಗೇ ಕಪ್ಪು ಶಿಲೀಂಧ್ರ ರೋಗ ಹಬ್ಬಿದಾಗ ನಮ್ಮ ನಾಡಿನ ಆಸ್ಪತ್ರೆಗಳು ಈ ಔಷಧಕ್ಕಾಗಿ ಪರದಾಡಬೇಕಾಯಿತು. ಕಣ್ಣನ್ನೂ ಪ್ರಾಣವನ್ನೂ ಕಳೆಯುವ ಆ ರೋಗದೆದುರು ವೈದ್ಯರ ಕೈಯಲ್ಲಿದ್ದ ಅಸ್ತ್ರಗಳು ಬೆರಳೆಣಿಕೆಯಷ್ಟು. ಹಳೆಯ ಮದ್ದುಗಳಿಗೆ ರೋಗಾಣುಗಳು ಬಗ್ಗದಿರುವ ಈ ಕಾಲದಲ್ಲಿ ಹೊಸವನ್ನು ಹುಡುಕದೆ ಗತಿಯಿಲ್ಲ. ಒಂದು ಹಿಡಿ ಮಣ್ಣಿನಲ್ಲಿ ವಾಸಿಸುವ ಜೀವಿಗಳಲ್ಲಿ ಬಹುಪಾಲನ್ನು ಪ್ರಯೋಗಶಾಲೆಯಲ್ಲಿ ಬೆಳೆಸಲು ನಾವಿನ್ನೂ ಕಲಿತಿಲ್ಲ. ಆ ಕೆಲಸ ಇಂದಿನ ವಿದ್ಯಾರ್ಥಿಗಳಿಗಾಗಿ ಕಾದಿದೆ.