ರೆಕ್ಕೆಯ ಲೆಕ್ಕವೂ ಇಂಡಿಯ ಮಳೆಯೂ

ವಿಮಾನದ ರೆಕ್ಕೆಯ ಸುತ್ತ ಗಾಳಿ ಹೇಗೆ ಹರಿಯುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕುವ ವಿದ್ಯೆಗೆ ಸರ್ಕಾರ ಹಣ ವ್ಯಯಿಸುವುದು ಬರಪೀಡಿತ ಜಿಲ್ಲೆಗಳುಳ್ಳ ದೇಶಕ್ಕೆ ತರವೇ? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಬರ ಪರಿಹಾರದ ಕಡತಗಳನ್ನು ನೋಡಿಕೊಳ್ಳುತ್ತಿದ್ದ ದಿನಗಳಲ್ಲಿ ಈ ಬಗೆಯ ಪ್ರಶ್ನೆಯನ್ನು ಹಲವರಿಂದ ಕೇಳಿದ್ದೇನೆ. ಅರ್ಥಶಾಸ್ತ್ರ ಓದಿದವನಿಗೆ ಅದು ಸಹಜ ಪ್ರಶ್ನೆಯೇ. ಒಂದು ಬಾಬ್ತಿಗೆ ಹೋದ ರೂಪಾಯಿ ಇನ್ನೊಂದಕ್ಕೆ ಒದಗದು. ಆದರೆ ಇಲ್ಲಿ ಬಾಬ್ತುಗಳು ನಾವು ಭಾವಿಸುವಷ್ಟು ಬೇರೆಯಲ್ಲ.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1967ರಿಂದಲೂ 1.2 ಮೀಟರ್ ಅಳತೆಯ ಗಾಳಿ ಸುರಂಗವೊಂದಿದೆ. ವಿಮಾನದ ಪುಟ್ಟ ಮಾದರಿಯನ್ನು ಅದರಲ್ಲಿ ನಿಲ್ಲಿಸಿ, ಒತ್ತಡದಲ್ಲಿ ಕೂಡಿಟ್ಟ ಗಾಳಿಯನ್ನು ಹಾಯಿಸಿ ಅಳತೆ ಮಾಡುತ್ತಾರೆ. ಪ್ರತಿಯೊಂದು ಮಾದರಿಯೂ ದುಬಾರಿ. ಕಂಪ್ಯೂಟರಿನ ಹಾದಿ ಬೇರೆ: ರೆಕ್ಕೆಯ ಸುತ್ತಲಿನ ಅವಕಾಶವನ್ನು ಲಕ್ಷಾಂತರ, ಕೋಟ್ಯಂತರ ಸಣ್ಣ ಕೋಶಗಳಾಗಿ ವಿಂಗಡಿಸಿ, 19ನೇ ಶತಮಾನದಲ್ಲಿ ನಾವಿಯೇ ಮತ್ತು ಸ್ಟೋಕ್ಸ್ ರೂಪಿಸಿದ ಸಮೀಕರಣಗಳಿಂದ ಪ್ರತಿ ಕೋಶದ ಒತ್ತಡ, ವೇಗಗಳನ್ನು ಕಂಡುಕೊಳ್ಳುವುದು. ಹತ್ತಾರು ಆಕಾರಗಳನ್ನು ಹೀಗೆ ಜರಡಿ ಹಿಡಿದು, ಉಳಿದ ಕೆಲವನ್ನು ಮಾತ್ರ ಸುರಂಗಕ್ಕೆ ಒಯ್ಯಬಹುದು. 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್‌ನ ವಿನ್ಯಾಸಕ್ಕೆ ಎರಡೂ ಬೇಕಾದವು.

ಆ ಲೆಕ್ಕಕ್ಕೆ ಬಲಿಷ್ಠ ಗಣಕಗಳು ಬೇಕು. ಅಮೆರಿಕ ಅಂಥವನ್ನು ಕೊಡಲು ಹಿಂದೇಟು ಹಾಕುತ್ತಿದ್ದ ಕಾಲದಲ್ಲಿ, ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ಇದೇ ಪ್ರಯೋಗಾಲಯ 1986ರಲ್ಲಿ 'ಫ್ಲೋಸಾಲ್ವರ್' ಎಂಬ ಗಣಕವನ್ನು ಕಟ್ಟಿತು. ಹಲವು ಸಣ್ಣ ಸಂಸ್ಕಾರಕಗಳು ಕೆಲಸ ಹಂಚಿಕೊಂಡು ಏಕಕಾಲಕ್ಕೆ ಲೆಕ್ಕ ಮಾಡುವ ದೇಶದ ಮೊದಮೊದಲ ಗಣಕಗಳಲ್ಲಿ ಅದೂ ಒಂದು. ಹುಟ್ಟಿದ್ದು ಗಾಳಿಯ ಹರಿವಿನ ಲೆಕ್ಕಕ್ಕಾಗಿ; ಮುಂದೆ ಆ ಸರಣಿಯ ಗಣಕಗಳಲ್ಲಿ ಹವಾಮಾನ ಮುನ್ಸೂಚನೆಯ ಲೆಕ್ಕವೂ ನಡೆಯಿತು. ಆಶ್ಚರ್ಯವೇನಿಲ್ಲ. ರೆಕ್ಕೆಯ ಮೇಲಿನ ಗಾಳಿಗೂ ಮುಂಗಾರಿನ ಮಾರುತಕ್ಕೂ ಮೂಲ ಸಮೀಕರಣಗಳು ಒಂದೇ.

ತೊಡಕೂ ಒಂದೇ. ಕೋಶಕ್ಕಿಂತ ಚಿಕ್ಕದಾದ ಸುಳಿಗಳು ಲೆಕ್ಕಕ್ಕೆ ಸಿಕ್ಕದೆ ನುಣುಚಿಕೊಳ್ಳುತ್ತವೆ. ಅವುಗಳ ಪರಿಣಾಮವನ್ನು ಅಂದಾಜಿನಿಂದ ತುಂಬಬೇಕಾಗುತ್ತದೆ. ರೆಕ್ಕೆಯ ವಿಷಯದಲ್ಲಿ ಆ ಅಂದಾಜನ್ನು ಗಾಳಿ ಸುರಂಗ ಪರೀಕ್ಷಿಸುತ್ತದೆ. ಮಳೆಯ ವಿಷಯದಲ್ಲಿ? 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಬಳಕೆಗೆ ತಂದ ಭಾರತ್ ಮುನ್ಸೂಚನಾ ವ್ಯವಸ್ಥೆಯ ಕೋಶ 6 ಕಿಲೋಮೀಟರಿನದು. ಹಿಂದಿನದು 12 ಕಿಲೋಮೀಟರ್ ಇತ್ತು. ಸುಧಾರಣೆ ದೊಡ್ಡದೇ. ಆದರೂ ಸಿಂದಗಿಯ ಒಂದು ಊರಿನಲ್ಲಿ ಹದವಾಗಿ ಸುರಿದ ಮಳೆ ಪಕ್ಕದ ಊರಿನ ತೊಗರಿಗೆ ಹನಿಯೂ ದಕ್ಕದೆ ಹೋಗುವುದನ್ನು ಬಲ್ಲ ರೈತ ಈ ಅಂತರವನ್ನು ಸುಲಭವಾಗಿ ಒಪ್ಪಲಾರ. ಅಲ್ಲಿ ಲೆಕ್ಕವನ್ನು ತಾಳೆ ನೋಡಬೇಕಾದುದು ಮಳೆಮಾಪಕ.

ಆ ದೃಷ್ಟಿಯಿಂದ ನಮ್ಮ ರಾಜ್ಯ ಹಿಂದುಳಿದಿಲ್ಲ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಆರಂಭವಾದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಾಪಕಗಳನ್ನು ಅಳವಡಿಸಿದೆ. ಯಂತ್ರ ಖರೀದಿಗೆ ಮಂಜೂರಾತಿ ಸುಲಭ, ದುರಸ್ತಿಗೆ ಕಷ್ಟ ಎಂಬುದು ಕಡತ ಕಂಡವರಿಗೆಲ್ಲ ಗೊತ್ತು. ಬೆಳೆ ವಿಮೆಯೂ ಬರ ಘೋಷಣೆಯೂ ಈ ಅಂಕಿಗಳನ್ನು ಅವಲಂಬಿಸುವುದರಿಂದ, ಕೆಟ್ಟ ಮಾಪಕ ಲೆಕ್ಕವನ್ನಷ್ಟೇ ಅಲ್ಲ, ಕುಟುಂಬಗಳನ್ನೂ ಕೆಡಿಸಬಲ್ಲದು. ಸೂಪರ್ ಕಂಪ್ಯೂಟರಿಗೆ ಹಣ ಒದಗಿಸುವಾಗಲೇ ಮಾಪಕಗಳ ನಿರ್ವಹಣೆಗೆ ಪ್ರತ್ಯೇಕ ಲೆಕ್ಕಶೀರ್ಷಿಕೆಯಡಿ ಪ್ರತಿವರ್ಷ ಅನುದಾನವಿಡಬೇಕು; ಯಾವ ಮಾಪಕ ಎಷ್ಟು ದಿನ ಕೆಟ್ಟಿತ್ತೆಂಬ ಪಟ್ಟಿಯನ್ನು ಮುಂಗಾರು ಮುಗಿದೊಡನೆ ಆಯಾ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು.